ತಲೆಯ ಮಕ್ಕಳು, ಕೈಯ ಮಕ್ಕಳು ಎಂಬ ಭೇದ ಬೇಡ

(ದೇವಸುಗೂರಿನಲ್ಲಿ ಸೇರಿದ್ದ ಪಾಲಕರು ಹಾಗೂ ಉಪಾಧ್ಯಾಯರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಈ ಹೊತ್ತು ನಾವು ಮಾತಾಡಬೇಕಾದ ವಿಷಯ ಮಕ್ಕಳ ಕಲಿಕೆ. ಇತ್ತೀಚಿನ ವರ್ಷಗಳಲ್ಲಿ ಉಪಾಧ್ಯಾಯರ ತರಬೇತಿಗಳಲ್ಲಿಯೂ ಖಾಸಗಿ ಶಾಲೆಗಳ ಜಾಹೀರಾತುಗಳಲ್ಲಿಯೂ ಒಂದು ಮಾತು ಪದೇ ಪದೇ ಕೇಳಿಬರುತ್ತಿದೆ. ಮಕ್ಕಳಲ್ಲಿ ಬಗೆ ಬಗೆಯವರಿದ್ದಾರೆ. ಕೆಲವರು ಕಣ್ಣಿನಿಂದ ಕಲಿಯುತ್ತಾರೆ, ಕೆಲವರು ಕಿವಿಯಿಂದ, ಇನ್ನು ಕೆಲವರು ಕೈಯಿಂದ. ಯಾರ ಮೆದುಳು ಯಾವ ಬಗೆಯದೆಂದು ಮೊದಲು ಗುರುತಿಸಿ ಆಮೇಲೆ ಅದಕ್ಕೆ ತಕ್ಕ ಪಾಠ ಹೇಳಬೇಕು ಎಂಬುದೇ ಆ ಮಾತು. ಕೇಳುವುದಕ್ಕೆ ಹಿತವಾಗಿದೆ. ಬೆತ್ತ ಹಿಡಿದು ಎಲ್ಲರನ್ನೂ ಒಂದೇ ದಾರಿಯಲ್ಲಿ ಅಟ್ಟುತ್ತಿದ್ದ ಕಾಲಕ್ಕಿಂತ ಇದು ಮೇಲು ಎಂದೂ ಅನಿಸುತ್ತದೆ. ಆದರೆ ಈ ಮಾತಿನಲ್ಲಿ ಕಾಳೆಷ್ಟು, ಜೊಳ್ಳೆಷ್ಟು? ದೇವಸುಗೂರಿನ, ದೇವದುರ್ಗದ, ಮಾನ್ವಿಯ ಬಡವರ ಮಗುವಿಗೆ ಇದರಿಂದ ಆಗುವ ಲಾಭವೇನು, ಅಪಾಯವೇನು? ಇದನ್ನು ಕೇರಿ ನೋಡುವುದು ನಮ್ಮೆಲ್ಲರ ಕರ್ತವ್ಯವಾಗಿದೆ.

ನಮ್ಮ ಸಾಲಿಯಲ್ಲಿ ಯಾರಿದ್ದಾರೆ?

ಮಕ್ಕಳಲ್ಲಿ ವ್ಯತ್ಯಾಸವಿಲ್ಲವೆಂದು ನಾವು ಹೇಳುವುದಿಲ್ಲ. ಬೇಕಾದಷ್ಟು ವ್ಯತ್ಯಾಸವಿದೆ. ನಮ್ಮ ಭಾಗದ ಯಾವುದೇ ಸರ್ಕಾರಿ ಸಾಲಿಯ ಒಂದನೆಯ ತರಗತಿಯನ್ನು ನೋಡಿರಿ. ಒಬ್ಬಳ ಮನೆಯ ಮಾತು ಕನ್ನಡ. ಇನ್ನೊಬ್ಬನದು ತೆಲುಗು, ಕೃಷ್ಣೆಯ ಸೇತುವೆ ದಾಟಿದರೆ ತೆಲಂಗಾಣವಲ್ಲವೆ! ಮತ್ತೊಬ್ಬಳದು ಉರ್ದು. ತಾಂಡಾದಿಂದ ಬಂದ ಹುಡುಗನದು ಲಂಬಾಣಿ. ಒಬ್ಬನ ಅಪ್ಪ ವಿದ್ಯುತ್ ಕೇಂದ್ರದಲ್ಲಿ ಗುತ್ತಿಗೆಯ ಕೂಲಿ. ಇನ್ನೊಬ್ಬಳ ಅವ್ವ ಕಂಡವರ ಹೊಲದಲ್ಲಿ ಹತ್ತಿ ಬಿಡಿಸುವವಳು. ದೇವದುರ್ಗದ ದೊಡ್ಡಿಗಳಿಂದ ಬರುವ ಮಗು ಮೂರು ತಿಂಗಳು ಸಾಲಿಯಲ್ಲಿದ್ದು, ಸುಗ್ಗಿ ಮುಗಿದೊಡನೆ ತಾಯಿತಂದೆಯರ ಜೊತೆ ಬೆಂಗಳೂರಿಗೋ ಪುಣೆಗೋ ಗುಳೆ ಹೋಗುತ್ತದೆ. ತಿರುಗಿ ಬರುವಷ್ಟರಲ್ಲಿ ಉಳಿದವರು ಕಾಗುಣಿತ ಮುಗಿಸಿ ಒತ್ತಕ್ಷರಕ್ಕೆ ಹೋಗಿರುತ್ತಾರೆ.

ಇದಕ್ಕೆ ಚರಿತ್ರೆಯ ಕಾರಣಗಳೂ ಇವೆ. 1948ರ ಸೆಪ್ಟೆಂಬರಿನವರೆಗೆ ನಮ್ಮ ಜಿಲ್ಲೆ ನಿಜಾಮರ ಆಡಳಿತದಲ್ಲಿತ್ತು. ಆಳುವವರ ಭಾಷೆ ಉರ್ದು, ದುಡಿಯುವವರ ಭಾಷೆ ಕನ್ನಡ, ತೆಲುಗು. ಮೇಲಿನ ತರಗತಿಗಳ ಪಾಠವೆಲ್ಲ ಉರ್ದುವಿನಲ್ಲಿ. 1956ರಲ್ಲಿ ನಾವು ಕನ್ನಡ ನಾಡಿನೊಡನೆ ಕೂಡಿದೆವು. ಕೂಡಿ ಅರ್ಧ ಶತಮಾನ ಕಳೆದ ಮೇಲೆ, 2011ರ ಜನಗಣತಿಯಲ್ಲಿಯೂ ಜಿಲ್ಲೆಯಲ್ಲಿ ಅಕ್ಷರ ಬಲ್ಲವರು ಶೇಕಡಾ 60ರ ಆಸುಪಾಸು ಮಾತ್ರ. ರಾಜ್ಯದ ಸರಾಸರಿ 75. ಹೆಂಗಸರಲ್ಲಿ ಅರ್ಧದಷ್ಟು ಮಂದಿಗೂ ಓದು ಬರುತ್ತಿರಲಿಲ್ಲ. 2002ರಲ್ಲಿ ವರದಿ ಕೊಟ್ಟ ನಂಜುಂಡಪ್ಪ ಸಮಿತಿಯು ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಗೆ ಸೇರಿಸಿತು.

ಆದ್ದರಿಂದ ಕಲಿಯುವವರ ಬಗೆಗಳನ್ನು ಗುರುತಿಸಬೇಕು ಎಂದು ಯಾರಾದರೂ ಹೇಳಿದರೆ ನಾವು ಒಪ್ಪುತ್ತೇವೆ. ಆದರೆ ಮೆದುಳಿನೊಳಗೆ ಹಣಿಕಿ ನೋಡುವ ಮೊದಲು ಮನೆಯ ಮಾತು ಯಾವುದು, ವರ್ಷಕ್ಕೆ ಎಷ್ಟು ತಿಂಗಳು ಸಾಲಿ, ಬೆಳಿಗ್ಗೆ ಉಂಡು ಬಂದಿದೆಯೋ ಇಲ್ಲವೋ ಎಂಬುದನ್ನು ಗುರುತಿಸಿರಿ ಎನ್ನುತ್ತೇವೆ.

ಮೆದುಳಿನ ಹೆಸರಿನಲ್ಲಿ

ಈಗ ಆ ಮೆದುಳಿನ ಮಾತಿಗೆ ಬರೋಣ. ಅಮೆರಿಕದ ರೋಜರ್ ಸ್ಪೆರಿ ಎಂಬ ವಿಜ್ಞಾನಿಗೆ 1981ರಲ್ಲಿ ನೊಬೆಲ್ ಬಹುಮಾನ ಬಂತು. ಮೂರ್ಛೆರೋಗದ ಚಿಕಿತ್ಸೆಗಾಗಿ ಮೆದುಳಿನ ಎರಡು ಅರ್ಧಗಳ ನಡುವಣ ಸಂಪರ್ಕವನ್ನು ಕತ್ತರಿಸಿದ ರೋಗಿಗಳನ್ನು ಅವರು ಪರೀಕ್ಷಿಸಿ, ಎಡ ಬಲ ಅರ್ಧಗಳ ಕೆಲಸದಲ್ಲಿ ವ್ಯತ್ಯಾಸವಿದೆಯೆಂದು ತೋರಿಸಿದ್ದರು. ಇದನ್ನು ಹಿಡಿದುಕೊಂಡು ಪೇಟೆಯ ಪಂಡಿತರು ‘ಎಡ ಮೆದುಳಿನ ಮಕ್ಕಳು, ಬಲ ಮೆದುಳಿನ ಮಕ್ಕಳು’ ಎಂಬ ಹೊಸ ಪಂಗಡಗಳನ್ನೇ ಕಟ್ಟಿದರು. ನಮ್ಮ ನಿಮ್ಮ ಮಕ್ಕಳ ಮೆದುಳು ಇಡಿಯಾಗಿದೆ. ಎರಡು ಅರ್ಧಗಳೂ ಕೂಡಿ ಕೆಲಸ ಮಾಡುತ್ತವೆ. 1983ರಲ್ಲಿ ಹೋವರ್ಡ್ ಗಾರ್ಡನರ್ ಎಂಬ ಮನಶ್ಶಾಸ್ತ್ರಜ್ಞರು ಬುದ್ಧಿ ಒಂದೇ ಬಗೆಯದಲ್ಲ, ಹಲವು ಬಗೆಯದು ಎಂದು ಗ್ರಂಥ ಬರೆದರು. ಅದನ್ನೂ ಜನ ‘ಕಣ್ಣಿನವರು, ಕಿವಿಯವರು’ ಎಂಬ ಲೆಕ್ಕಕ್ಕೆ ಸೇರಿಸಿಬಿಟ್ಟರು. ತಮ್ಮ ವಾದವೇ ಬೇರೆ, ಇದೇ ಬೇರೆ ಎಂದು ಗಾರ್ಡನರ್ ಅವರೇ 2013ರಲ್ಲಿ ಬರೆದು ಹೇಳಬೇಕಾಯಿತು.

ಹಾಗಾದರೆ ಕಣ್ಣಿನ ಮಗುವಿಗೆ ಚಿತ್ರ ತೋರಿಸಿ, ಕಿವಿಯ ಮಗುವಿಗೆ ಮಾತು ಹೇಳಿ ಕಲಿಸಿದರೆ ಹೆಚ್ಚು ಕಲಿಯುತ್ತಾರೆಯೆ? 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಮೂವರು ಸಂಗಡಿಗರು ಅದುವರೆಗೆ ನಡೆದ ಸಂಶೋಧನೆಗಳನ್ನೆಲ್ಲ ಜಾಲಾಡಿ ನೋಡಿದರು. ಹಾಗೆ ವಿಂಗಡಿಸಿ ಕಲಿಸುವುದಕ್ಕೆ ತಕ್ಕ ಆಧಾರವಿಲ್ಲವೆಂದೇ ಅವರ ತೀರ್ಮಾನ. ಮಕ್ಕಳಿಗೆ ಇಷ್ಟ ಅನಿಷ್ಟಗಳು ಇರುತ್ತವೆ, ಅದು ನಿಜ. ಆದರೆ ನಕ್ಷೆಯನ್ನು ಎಲ್ಲರೂ ಕಣ್ಣಿನಿಂದಲೇ ಕಲಿಯಬೇಕು. ಪದ್ಯದ ಲಯವನ್ನು ಎಲ್ಲರೂ ಕಿವಿಯಿಂದಲೇ ಹಿಡಿಯಬೇಕು. ಗಂಟು ಹಾಕುವುದನ್ನು ಎಲ್ಲರೂ ಕೈಯಿಂದಲೇ ಕಲಿಯಬೇಕು. ದಾರಿಯನ್ನು ಗೊತ್ತುಮಾಡುವುದು ಪಾಠದ ಸ್ವಭಾವ. ಒಂದೇ ಪಾಠಕ್ಕೆ ಕಣ್ಣು, ಕಿವಿ, ಕೈ ಮೂರೂ ಕೂಡಿಬಂದರೆ ಎಲ್ಲ ಮಕ್ಕಳಿಗೂ ಒಳ್ಳೆಯದು.

ಮೆದುಳಿನ ಬಗ್ಗೆ ಗಟ್ಟಿಯಾಗಿ ತಿಳಿದುಬಂದ ಸಂಗತಿಗಳೂ ಇವೆ. ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲಿಯೇ ತೋರಿಸಿದಂತೆ, ಕಲಿತದ್ದು ಬೇಗ ಮರೆತುಹೋಗುತ್ತದೆ. ನಡುನಡುವೆ ದಿನ ಬಿಟ್ಟು ತಿರುಗಿ ನೋಡಿದರೆ ಉಳಿಯುತ್ತದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬವರು ಇನ್ನೊಂದು ಸಂಗತಿ ತೋರಿಸಿದರು. ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ವಾರದ ನಂತರ ಹೆಚ್ಚು ನೆನಪಿಟ್ಟಿದ್ದರು. ಇದಕ್ಕೆ ಯಾವ ಯಂತ್ರವೂ ಬೇಡ, ಕಾಸೂ ಬೇಡ. ‘ನಿನ್ನೆ ಏನು ಕಲಿತೆವು, ಪುಸ್ತಕ ನೋಡದೆ ಹೇಳು ತಂಗಿ’ ಎಂದು ಮಾಸ್ತರರು ದಿನವೂ ಕೇಳಿದರೆ ಸಾಕು. ಹೊಡೆಯದೆ ಕೇಳಬೇಕು ಎಂಬುದೊಂದೇ ಕಟ್ಟಳೆ.

ಹಳೆಯ ಜಾತಿಗೆ ಹೊಸ ಹೆಸರು

ವಿಂಗಡಣೆಯನ್ನು ನಾವು ಇಷ್ಟು ಬಲವಾಗಿ ವಿರೋಧಿಸುವುದೇಕೆ? ಮಿತ್ರರೇ, ಈ ದೇಶದಲ್ಲಿ ಮಕ್ಕಳನ್ನು ಹುಟ್ಟಿನಿಂದಲೇ ವಿಂಗಡಿಸಿದ ಚರಿತ್ರೆ ನಮ್ಮ ಬೆನ್ನಿಗಿದೆ. ಇಂಥವರು ತಲೆಯಿಂದ ಹುಟ್ಟಿದರು, ಇಂಥವರು ಕಾಲಿನಿಂದ ಹುಟ್ಟಿದರು ಎಂದು ಸಾವಿರಾರು ವರ್ಷ ಹೇಳಿದ ನಾಡಿದು. ‘ಈ ಹುಡುಗ ಕೈಯಿಂದ ಕಲಿಯುವವನು, ಅವನಿಗೆ ಓದು ಹತ್ತುವುದಿಲ್ಲ’ ಎಂದು ನಾಳೆ ಹಾಜರಿ ಪುಸ್ತಕದಲ್ಲಿ ಬರೆದರೆ ಆ ಹುಡುಗ ಯಾರ ಮಗನಾಗಿರುತ್ತಾನೆ? ಹತ್ತಿ ಬಿಡಿಸುವವಳ ಮಗನೇ ಆಗಿರುತ್ತಾನೆ. ‘ಇವಳು ಅಕ್ಷರದ ಮಗು’ ಎಂದರೆ ಆಕೆ ಯಾರ ಮಗಳು? ಮನೆಯಲ್ಲಿ ಪತ್ರಿಕೆ ಪುಸ್ತಕ ಕಂಡವಳೇ. ಬಡತನದ ಗುರುತನ್ನು ಮೆದುಳಿನ ಗುರುತೆಂದು ಬರೆದಿಟ್ಟರೆ, ಹಳೆಯ ವರ್ಣಭೇದವೇ ವಿಜ್ಞಾನದ ಅಂಗಿ ತೊಟ್ಟು ಸಾಲಿಗೆ ಬಂದಂತಾಯಿತು.

ಹಿಂದೆಯೂ ಹೀಗಾದದ್ದುಂಟು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಕೈಕೆಲಸದ ಮೂಲಕ ಶಿಕ್ಷಣವೆಂಬ ‘ನಯೀ ತಾಲೀಮ್’ ವಿಚಾರವನ್ನು ದೇಶದ ಮುಂದಿಟ್ಟರು. ಜಾಕಿರ್ ಹುಸೇನರ ಸಮಿತಿ ಅದಕ್ಕೆ ಪಾಠಕ್ರಮ ಬರೆಯಿತು. ಎಲ್ಲ ಮಕ್ಕಳೂ ನೂಲಬೇಕು, ಎಲ್ಲ ಮಕ್ಕಳೂ ಓದಬೇಕು ಎಂಬುದು ಅದರ ಆಶಯ. ಆದರೆ ನಡೆದದ್ದೇನು? ತಕಲಿಯ ಸಾಲಿ ಹಳ್ಳಿಯವರ ಪಾಲಿಗೆ, ಇಂಗ್ಲಿಷ್ ಸಾಲಿ ಉಳ್ಳವರ ಪಾಲಿಗೆ! 1966ರಲ್ಲಿ ವರದಿ ಕೊಟ್ಟ ಕೊಠಾರಿ ಆಯೋಗವು ಎಲ್ಲರ ಮಕ್ಕಳಿಗೂ ಸಮಾನ ಶಾಲಾ ಪದ್ಧತಿ ಬೇಕೆಂದು ಹೇಳಿತು. ಆ ಮಾತು ಕಾಗದದ ಮೇಲೆಯೇ ಉಳಿದಿದೆ.

ಸಂತೆಯ ಲೆಕ್ಕ, ಸಾಲಿಯ ಲೆಕ್ಕ

ಕೈ ಬಲ್ಲದ್ದು ತಲೆಗೂ, ತಲೆ ಬಲ್ಲದ್ದು ಕೈಗೂ ಬರಬೇಕು ಎಂಬುದಕ್ಕೆ ಒಳ್ಳೆಯ ಸಾಕ್ಷಿಯಿದೆ. ಬ್ರೆಜಿಲ್ ದೇಶದ ರೆಸಿಫೆ ಪಟ್ಟಣದ ಬೀದಿಯಲ್ಲಿ ಎಳನೀರು, ಹಣ್ಣು ಮಾರುವ ಮಕ್ಕಳನ್ನು ಸಂಶೋಧಕರು ಪರೀಕ್ಷಿಸಿ 1985ರಲ್ಲಿ ಪ್ರಕಟಿಸಿದರು. ಗಿರಾಕಿಯಂತೆ ಹೋಗಿ ಲೆಕ್ಕ ಕೇಳಿದಾಗ ನೂರಕ್ಕೆ 98 ಉತ್ತರ ಸರಿ. ಅದೇ ಲೆಕ್ಕವನ್ನು ಸಾಲಿಯ ರೀತಿಯಲ್ಲಿ ಅಂಕಿಗಳಾಗಿ ಕೊಟ್ಟಾಗ ಸರಿಯಾದದ್ದು ನೂರಕ್ಕೆ 37. ನಮ್ಮ ದೇಶದಲ್ಲಿಯೂ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದವರು ಕಲ್ಕತ್ತೆ ಮತ್ತು ದಿಲ್ಲಿಯ ಮಾರುಕಟ್ಟೆಗಳಲ್ಲಿ ದುಡಿಯುವ 1,400ಕ್ಕೂ ಹೆಚ್ಚು ಮಕ್ಕಳನ್ನು ನೋಡಿ 2025ರಲ್ಲಿ ಪ್ರಕಟಿಸಿದರು. ಮಾರುವ ಮಕ್ಕಳಿಗೆ ವ್ಯಾಪಾರದ ಲೆಕ್ಕ ಬಾಯಲ್ಲೇ ಬರುತ್ತದೆ, ಹಲಗೆಯ ಮೇಲಿನ ಭಾಗಾಕಾರ ಬರುವುದಿಲ್ಲ. ಸಾಲಿಗೆ ಮಾತ್ರ ಹೋಗುವ ಮಕ್ಕಳಿಗೆ ಹಲಗೆಯ ಲೆಕ್ಕ ಬರುತ್ತದೆ, ವ್ಯಾಪಾರದ ಲೆಕ್ಕಕ್ಕೆ ತಡಬಡಿಸುತ್ತಾರೆ. ಎರಡರ ನಡುವೆ ಸೇತುವೆ ಕಟ್ಟುವ ಕೆಲಸವನ್ನು ಸಾಲಿ ಮಾಡಿಲ್ಲ. ದಡ್ಡತನದ ಮಾತು ಇಲ್ಲಿ ಎಲ್ಲಿಂದ ಬಂತು?

ನಮ್ಮ ಹೊಲಕ್ಕೇ ಬನ್ನಿರಿ. ಹತ್ತಿ ಬಿಡಿಸುವ ಕೂಲಿ ತೂಕದ ಮೇಲೆ. ಕಿಲೋಗೆ 10 ರೂಪಾಯಿ ಎಂದು ಇಟ್ಟುಕೊಳ್ಳೋಣ. ತಾಯಿ 37 ಕಿಲೋ ಬಿಡಿಸಿದ್ದಾಳೆ. ಚೀಟಿಯಲ್ಲಿ 32 ಎಂದು ಬಿದ್ದಿದೆ. ತಕ್ಕಡಿಯನ್ನು ಕಣ್ಣಾರೆ ಕಂಡ ಹುಡುಗಿಗೆ 37 ಎಂಬುದು ಗೊತ್ತು. ಆದರೆ ಚೀಟಿ ಓದಲು ಬಾರದು. ಸಾಲಿ ಕಲಿತ ಹುಡುಗನಿಗೆ ಚೀಟಿ ಓದಲು ಬರುತ್ತದೆ. ತಕ್ಕಡಿ ನೋಡಿ ಗೊತ್ತಿಲ್ಲ. ಎರಡೂ ಕೂಡಿದರೆ ಮಾತ್ರ ಆ ತಾಯಿಯ 50 ರೂಪಾಯಿ ಉಳಿಯುತ್ತದೆ. ಕೈಯನ್ನೂ ತಲೆಯನ್ನೂ ಒಂದೇ ಮಗುವಿನಲ್ಲಿ ಬೆಳೆಸಬೇಕು ಎಂದು ನಾವು ಹೇಳುವುದು ಇದಕ್ಕಾಗಿಯೇ.

ನಲಿ-ಕಲಿಯ ಪಾಠ

ಇಂಥ ಕಲಿಕೆ ಸಾಧ್ಯವೆ? ಸಾಧ್ಯವೆಂಬುದನ್ನು ನಮ್ಮ ರಾಜ್ಯದ ಉಪಾಧ್ಯಾಯರೇ ತೋರಿಸಿದ್ದಾರೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಕೆಲವು ಉಪಾಧ್ಯಾಯರು ಆಂಧ್ರದ ರಿಷಿ ವ್ಯಾಲಿಯ ಹಳ್ಳಿಸಾಲಿಗಳನ್ನು ನೋಡಿಬಂದರು. ಯುನಿಸೆಫ್ ಸಂಸ್ಥೆಯ ನೆರವಿತ್ತು. ಅವರು ತಂದದ್ದನ್ನು ಹಾಗೆಯೇ ನಕಲು ಮಾಡದೆ, ತಮ್ಮ ಕಾಡಂಚಿನ ಮಕ್ಕಳಿಗೆ ಹೊಂದುವಂತೆ ಕನ್ನಡದಲ್ಲಿ ಕಾರ್ಡುಗಳನ್ನೂ ಆಟಗಳನ್ನೂ ಹಾಡುಗಳನ್ನೂ ಕಟ್ಟಿದರು. ಅದೇ ನಲಿ-ಕಲಿ. 2009-10ರಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಸಾಲಿಗಳ ಕೆಳಗಿನ ತರಗತಿಗಳಿಗೆಲ್ಲ ಹಬ್ಬಿತು.

ಅದರ ತಿರುಳೇನು? ಕಲಿಕೆಯನ್ನು ಏಣಿಯ ಮೆಟ್ಟಿಲುಗಳಾಗಿ ಒಡೆದಿದ್ದಾರೆ. ಪ್ರತಿ ಮಗುವೂ ತನ್ನ ಮೆಟ್ಟಿಲಿನಿಂದ ಮುಂದೆ ಹೋಗುತ್ತದೆ. ಮಕ್ಕಳು ಗುಂಪುಗಳಲ್ಲಿ ಕೂಡುತ್ತಾರೆ. ಒಂದು ಗುಂಪಿಗೆ ಉಪಾಧ್ಯಾಯರ ಪೂರ್ತಿ ಸಹಾಯ, ಇನ್ನೊಂದಕ್ಕೆ ಸ್ವಲ್ಪ, ಮತ್ತೊಂದಕ್ಕೆ ಗೆಳೆಯರ ಸಹಾಯ, ಕಲಿತವರು ತಾವೇ ಮಾಡುತ್ತಾರೆ. ಗೋಡೆಯ ಕೆಳಭಾಗದಲ್ಲಿ ಮಗುವಿನ ಎತ್ತರಕ್ಕೆ ಕಪ್ಪು ಹಲಗೆ. ತಲೆಯ ಮೇಲೆ ದಾರದ ಚಪ್ಪರ, ಅದರಲ್ಲಿ ಮಕ್ಕಳೇ ಬರೆದ ಚಿತ್ರಗಳು. ಗುಳೆ ಹೋಗಿ ಬಂದ ಮಗುವನ್ನು ಯೋಚಿಸಿರಿ. ಹಳೆಯ ಪದ್ಧತಿಯಲ್ಲಿ ಅದು ಕಡೆಯ ಸಾಲಿನಲ್ಲಿ ಕೂತು ಬಾಯಿ ಮುಚ್ಚಿಕೊಳ್ಳಬೇಕು. ಇಲ್ಲಿ ತಾನು ಬಿಟ್ಟುಹೋದ ಮೆಟ್ಟಿಲಿನಿಂದಲೇ ಹತ್ತಬಹುದು. ಈ ಪದ್ಧತಿಯು ಮಗು ಯಾವ ಬಗೆಯದೆಂದು ಕೇಳುವುದಿಲ್ಲ. ‘ನೀನು ಎಲ್ಲಿಯವರೆಗೆ ಬಂದಿದ್ದೀ?’ ಎಂದು ಮಾತ್ರ ಕೇಳುತ್ತದೆ. ಈ ಪ್ರಶ್ನೆಯಲ್ಲಿ ಮಗುವಿನ ಮಾನ ಉಳಿಯುತ್ತದೆ.

ಆದರೆ ಪದ್ಧತಿ ತಾನಾಗಿ ನಡೆಯುವುದಿಲ್ಲ, ನಡೆಸುವ ಕೈ ಬೇಕು. ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ನಾಲ್ಕಾರು ಗುಂಪು, ಪ್ರತಿ ಮಗುವಿನ ಮೆಟ್ಟಿಲಿನ ಲೆಕ್ಕ. 2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆ ಪ್ರಾಥಮಿಕ ಸಾಲಿಯಲ್ಲಿ 30 ಮಕ್ಕಳಿಗೆ ಒಬ್ಬ ಉಪಾಧ್ಯಾಯರೆಂದು ಹೇಳುತ್ತದೆ. ಹುದ್ದೆ ಖಾಲಿ ಬಿಟ್ಟು, ಹರಿದ ಕಾರ್ಡು ಬದಲಿಸದೆ, ಇದ್ದ ಒಬ್ಬ ಉಪಾಧ್ಯಾಯಿನಿಯನ್ನು ಗಣತಿಗೂ ಚುನಾವಣೆಗೂ ಓಡಿಸಿ, ಕಡೆಗೆ ‘ನಲಿ ಮಾತ್ರ ಆಯಿತು, ಕಲಿ ಆಗಲಿಲ್ಲ’ ಎಂದು ಆಕೆಯನ್ನೇ ಜರೆಯುವುದು ಯಾವ ನ್ಯಾಯ?

ಊರೇ ಪಾಠಶಾಲೆ

ಸೃಜನಶೀಲ ಯೋಜನೆ, ಪ್ರಾಜೆಕ್ಟು ಎಂಬ ಹೆಸರಿನಲ್ಲಿ ಇನ್ನೊಂದು ಹಾವಳಿ ಶುರುವಾಗಿದೆ. ಮಗು ಅಂಗಡಿಯಿಂದ ಥರ್ಮಾಕೋಲ್, ಬಣ್ಣದ ಕಾಗದ, ಸಿದ್ಧ ಚಿತ್ರಪಟ ತರಬೇಕು. ಅಪ್ಪನೋ ಅಕ್ಕನೋ ರಾತ್ರಿ ಕೂತು ಅಂಟಿಸಬೇಕು. ಕೂಲಿಯವರ ಮನೆಯಲ್ಲಿ ಒಂದು ಹೊತ್ತಿನ ಜೋಳದ ದುಡ್ಡು ಅಂಟಿಗೆ ಹೋಗುತ್ತದೆ. ಮಗು ಕಲಿತದ್ದು ಏನೂ ಇಲ್ಲ. ದುಡ್ಡಿನಿಂದ ಕೊಂಡುತಂದ ಕೆಲಸಕ್ಕೆ ಸೃಷ್ಟಿ ಎಂದು ಹೆಸರಿಡಬಾರದು.

ದೇವಸುಗೂರಿನ ಮಕ್ಕಳಿಗೆ ಕಣ್ಣೆದುರೇ ಎಂಥ ಪುಸ್ತಕ ತೆರೆದಿದೆ! ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ 1985ರಲ್ಲಿ ನಡೆಯಲು ತೊಡಗಿತು. ಕೇಂದ್ರವು ಎಂಟು ಘಟಕಗಳಿಗೆ ಬೆಳೆಯಿತು. ಒಟ್ಟು 1,720 ಮೆಗಾವಾಟ್ ಶಕ್ತಿಗೆ ಕಟ್ಟಿದ್ದು. ಏಳು ಘಟಕ 210ರವು, ಒಂದು 250ರದು. ಕೂಡಿಸಿ ನೋಡಲಿ ಮಕ್ಕಳು. 210 ಮೆಗಾವಾಟಿನ ಒಂದು ಘಟಕದಿಂದ 10 ವಾಟಿನ ಎಷ್ಟು ದೀಪ ಉರಿದಾವು? ಎರಡು ಕೋಟಿ ಹತ್ತು ಲಕ್ಷ. ಸೊನ್ನೆಗಳನ್ನು ಹಾಗೆ ಕಲಿತ ಮಗು ಮರೆಯಲಾರದು. ಆಮೇಲೆ ಅದೇ ಮಗು ‘ನಮ್ಮ ಓಣಿಯಲ್ಲಿ ಎಷ್ಟು ದೀಪ ಉರಿಯುತ್ತವೆ?’ ಎಂದು ಎಣಿಸಿ ಬರಲಿ. ಉಪಾಧ್ಯಾಯರು ಚೆಂಬಿನಲ್ಲಿ ನೀರು ಕುದಿಸಿ, ಆವಿಗೆ ಕಾಗದದ ತಿರುಗಣಿ ಹಿಡಿದು ತೋರಿಸಿದರೆ ಟರ್ಬೈನು ಅರ್ಥವಾಗುತ್ತದೆ. ಕೇಂದ್ರದ ಹತ್ತಿರದ ಬೇವಿನ ಎಲೆಯನ್ನೂ ದೂರದ ಊರಿನ ಬೇವಿನ ಎಲೆಯನ್ನೂ ಬಿಳಿ ಬಟ್ಟೆಯಿಂದ ಒರಸಿ, ಎರಡು ಬಟ್ಟೆಗಳನ್ನು ಪಕ್ಕಪಕ್ಕ ಗೋಡೆಗೆ ತೂಗುಹಾಕಿ ದಿನಾಂಕ ಬರೆಯಲಿ. ತಿಂಗಳಿಗೊಮ್ಮೆ ಹೀಗೆ ಮಾಡಿದರೆ ವಿಜ್ಞಾನವೂ ಆಯಿತು, ನಾವು ಉಸಿರಾಡುವ ಗಾಳಿಯ ಲೆಕ್ಕವೂ ಆಯಿತು.

ಮಾನ್ವಿಯವರಿಗೆ ತುಂಗಭದ್ರೆಯ ಎಡದಂಡೆ ಕಾಲುವೆಯಿದೆ. ಮೇಲಿನ ಹೊಲಕ್ಕೆ ನೀರು ಯಾವ ದಿನ ಬಂತು, ಕಡೆಯ ಹೊಲಕ್ಕೆ ಯಾವ ದಿನ ಬಂತು ಎಂದು ಮಕ್ಕಳು ನಕ್ಷೆ ಬರೆದರೆ ಭೂಗೋಳವೂ ನ್ಯಾಯಶಾಸ್ತ್ರವೂ ಒಟ್ಟಿಗೆ ಬರುತ್ತವೆ. ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಬಂಡೆಗಲ್ಲಿನ ಶಾಸನವಿದೆ. ‘ದೇವಾನಾಂಪ್ರಿಯ’ನೆಂದು ಕರೆದುಕೊಳ್ಳುವ ದೊರೆ ಯಾರೆಂಬುದಕ್ಕೆ ಅಶೋಕನ ಹೆಸರನ್ನೇ ಕೊಟ್ಟ ಶಾಸನವದು. ಚರಿತ್ರೆ ದಿಲ್ಲಿಯಲ್ಲಿ ಮಾತ್ರ ನಡೆಯಲಿಲ್ಲ, ನಮ್ಮೂರ ಕಲ್ಲಿನ ಮೇಲೆಯೂ ಬರೆದಿದೆ ಎಂದು ಮಗುವಿಗೆ ತಿಳಿದರೆ ಅದರ ಎದೆ ಎತ್ತರವಾಗುತ್ತದೆ.

ಈ ನೆಲದಲ್ಲಿ ಇಂಥ ವಿಚಾರ ಹೊಸದೇನಲ್ಲ. ಸಂಗೀತಗಾರರೂ ವೈದ್ಯರೂ ಆಗಿದ್ದ ಪಂಡಿತ ತಾರಾನಾಥರು 1920ರ ದಶಕದಲ್ಲಿಯೇ ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ನಡೆಸಿದರು. ಹಮ್‌ದರ್ದ್ ಎಂದರೆ ನೋವಿನಲ್ಲಿ ಪಾಲುಗಾರ. ಸಾಲಿಗೆ ಇದಕ್ಕಿಂತ ಒಳ್ಳೆಯ ಹೆಸರು ಸಿಕ್ಕೀತೆ?

ಹೊಟ್ಟೆಯೂ ಮೆದುಳೂ

ಮೆದುಳಿನ ಮಾತಾಡುವವರು ಹೊಟ್ಟೆಯ ಮಾತನ್ನೂ ಆಡಬೇಕು. ಎಳೆಯ ವಯಸ್ಸಿನಲ್ಲಿ ಕಬ್ಬಿಣಾಂಶ ಸಾಲದೆ ರಕ್ತಹೀನವಾದ ಮಗುವಿನ ಗಮನವೂ ಕಲಿಕೆಯೂ ಕುಂದುತ್ತವೆ ಎಂಬುದು ವೈದ್ಯಶಾಸ್ತ್ರ ಒಪ್ಪಿದ ಮಾತು. ಅಕ್ಷರ ದಾಸೋಹದ ಬಿಸಿಯೂಟ 2002ರ ಜೂನ್‌ನಲ್ಲಿ ಮೊದಲು ಆರಂಭವಾದದ್ದು ರಾಯಚೂರು ಸೇರಿದಂತೆ ಉತ್ತರದ ಏಳು ಜಿಲ್ಲೆಗಳಲ್ಲಿ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಸಾಲಿಗಳಲ್ಲಿ ಮೊಟ್ಟೆ ಕೊಡತೊಡಗಿದರು, ಬೇಡವೆಂದವರಿಗೆ ಬಾಳೆಹಣ್ಣು. ಹೊಟ್ಟೆ ತುಂಬಿದವರು ಕೆಲವರು ಆಕ್ಷೇಪಿಸಿದರು. ಮಕ್ಕಳು ಸರದಿಯಲ್ಲಿ ನಿಂತು ತಿಂದರು. ಮೆದುಳಿಗೆ ಒಗ್ಗುವ ಶಿಕ್ಷಣದ ಮೊದಲ ಪಾಠ ನಡೆಯುವುದು ಆ ಊಟದ ಪಂಕ್ತಿಯಲ್ಲಿಯೇ.

ನಾವು ಮಾಡಬೇಕಾದದ್ದು

ಹಾಗಾದರೆ ಮುಂದೇನು? ಉಪಾಧ್ಯಾಯ ಮಿತ್ರರಲ್ಲಿ ನಮ್ಮ ವಿನಂತಿ ಇಷ್ಟೆ. ಯಾವ ಮಗುವಿನ ಹಣೆಯ ಮೇಲೂ ಬಗೆಯ ಚೀಟಿ ಅಂಟಿಸಬೇಡಿರಿ. ಪ್ರತಿ ಪಾಠದಲ್ಲಿಯೂ ನೋಡುವುದು, ಕೇಳುವುದು, ಮಾಡುವುದು, ಕಡೆಗೆ ಬರೆಯುವುದು ನಾಲ್ಕೂ ಇರಲಿ. ಬರೆಯುವುದನ್ನು ಬಿಡಬಾರದು, ಆಟದಲ್ಲಿ ನಲಿದ ಬಡವರ ಮಗು ಅಕ್ಷರವಿಲ್ಲದೆ ಮನೆಗೆ ಹೋದರೆ ಅದಕ್ಕಿಂತ ದೊಡ್ಡ ಮೋಸವಿಲ್ಲ. ಮೊದಲ ತಿಂಗಳುಗಳಲ್ಲಿ ತೆಲುಗಿನಲ್ಲಿಯೋ ಲಂಬಾಣಿಯಲ್ಲಿಯೋ ಮಗು ಉತ್ತರ ಕೊಟ್ಟರೆ ಒಪ್ಪಿಕೊಂಡು, ಅದರ ಪಕ್ಕದಲ್ಲಿ ಕನ್ನಡದ ಮಾತನ್ನು ಇಡಿರಿ.

ಪಾಲಕರಲ್ಲಿ ಒಂದು ಮಾತು. ಎಸ್‌ಡಿಎಂಸಿ ಸಭೆ ಸಹಿ ಹಾಕುವುದಕ್ಕೆ ಮಾತ್ರ ಇರುವುದಲ್ಲ. ಅಲ್ಲಿ ಎದ್ದುನಿಂತು ಕೇಳಿರಿ: ಉಪಾಧ್ಯಾಯರ ಹುದ್ದೆ ಎಷ್ಟು ಖಾಲಿ ಇವೆ? ನಲಿ-ಕಲಿ ಕಾರ್ಡು ಪೂರ್ತಿ ಇವೆಯೆ? ಗುಳೆ ಹೋದವರ ಮಕ್ಕಳ ಪಟ್ಟಿ ಯಾರಲ್ಲಿದೆ, ಅವರು ಬಂದೊಡನೆ ಯಾವ ಏರ್ಪಾಡು? ನಿಮಗೆ ಓದು ಬಾರದೆಂದು ಹಿಂಜರಿಯಬೇಡಿರಿ. ಬೀಜ ಬಿತ್ತುವುದು, ಗಂಪ ಹೆಣೆಯುವುದು, ಕೌದಿ ಹೊಲಿಯುವುದು, ತೂಕ ಅಳತೆ ನಿಮಗೆ ಗೊತ್ತು. ತಿಂಗಳಿಗೊಮ್ಮೆ ಸಾಲಿಗೆ ಬಂದು ಅದನ್ನು ಹೇಳಿಕೊಡಿರಿ. ಕೌದಿಯ ಚೌಕಗಳನ್ನು ಎಣಿಸುತ್ತಾ ಅಧಿಕಾರಿಯ ಮಗಳೂ ಗುಣಾಕಾರ ಕಲಿಯಲಿ.

ಸರ್ಕಾರಕ್ಕೆ ಹೇಳುವ ಮಾತು ಹಳೆಯದೇ: ಎಲ್ಲರ ಮಕ್ಕಳೂ ಒಂದೇ ಬಾಗಿಲಿನಿಂದ ಒಳಗೆ ಹೋಗುವ ನೆರೆಯ ಸಾಲಿ ಬೇಕು. ಶಕ್ತಿನಗರದ ಸಾಹೇಬರ ಮಗ ಬಸ್ಸಿನಲ್ಲಿ ಒಂದು ಕಡೆ, ಗುತ್ತಿಗೆ ಕೂಲಿಯ ಮಗ ನಡೆದುಕೊಂಡು ಇನ್ನೊಂದು ಕಡೆ ಹೋಗುವ ತನಕ, ತಲೆ ಮತ್ತು ಕೈಗಳ ನಡುವಣ ಗೋಡೆ ಬೀಳುವುದಿಲ್ಲ. ಇವೊತ್ತಿನ ಸಭೆಯಿಂದ ಒಂದು ಕೆಲಸವನ್ನು ಶುರು ಮಾಡೋಣ. ಈ ಊರಿನ ಪ್ರತಿ ಸಾಲಿಯಲ್ಲಿ ಎಷ್ಟು ಮಕ್ಕಳು, ಎಷ್ಟು ಉಪಾಧ್ಯಾಯರು, ಎಷ್ಟು ಖಾಲಿ ಹುದ್ದೆ ಎಂಬ ಪಟ್ಟಿಯನ್ನು ಮಕ್ಕಳೇ ಎಣಿಸಿ, ಮಕ್ಕಳೇ ಬರೆದು, ಊರ ಚಾವಡಿಯ ಗೋಡೆಗೆ ಅಂಟಿಸಲಿ. ಅವರ ಮೊದಲ ಪ್ರಾಜೆಕ್ಟು ಅದೇ ಆಗಲಿ. ಅದನ್ನು ಕೈಯಲ್ಲಿ ಹಿಡಿದು ರಾಯಚೂರಿನ ಕಚೇರಿಗೆ ಹೋಗುವ ಕೆಲಸ ನಮ್ಮದು.